ದತ್ತಾಂಶ ಗುಚ್ಛಗಳಲ್ಲಿ ಸಂರಚನೆಯ ನಿರ್ವಹಣೆ

ಆಂಧ್ರ ಪ್ರದೇಶದ ಎರಡು ಪ್ರಮುಖ ನಗರಗಳಾದ ವಿಶಾಖಪಟ್ಟಣ ಮತ್ತು ವಿಜಯವಾಡಗಳು ಪ್ರಕೃತಿ ವಿಕೋಪಗಳಿಗೆ ಹೊಸತಲ್ಲ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತವು ವಿಶಾಖಪಟ್ಟಣದ ಬಳಿ ಕರಾವಳಿಯನ್ನು ದಾಟಿದಾಗ ನಗರದ ವಿದ್ಯುತ್ ಮತ್ತು ದೂರಸಂಪರ್ಕ ವ್ಯವಸ್ಥೆಗಳು ಅಸ್ತವ್ಯಸ್ತಗೊಂಡವು. 2024ರ ಸೆಪ್ಟೆಂಬರ್ ಆರಂಭದಲ್ಲಿ ಬುಡಮೇರು ಹಳ್ಳ ಉಕ್ಕಿ ವಿಜಯವಾಡದ ಅನೇಕ ಬಡಾವಣೆಗಳು ಜಲಾವೃತವಾದವು. ಕೃಷ್ಣಾ ನದಿಯ ಪ್ರಕಾಶಂ ಬ್ಯಾರೇಜಿನಿಂದ 11 ಲಕ್ಷ ಕ್ಯೂಸೆಕ್ಸ್‌ಗೂ ಅಧಿಕ ನೀರು ಹರಿಯಿತು. ಇಂತಹ ಸಂದರ್ಭಗಳಲ್ಲಿ ಮಳೆಯ ಪ್ರಮಾಣ, ನದಿಯ ಮಟ್ಟ, ರಡಾರ್ ಚಿತ್ರಗಳು ಮತ್ತು ಪರಿಹಾರ ಕೇಂದ್ರಗಳ ವಿವರಗಳು ಒಮ್ಮೆಲೇ ಅಪಾರ ಪ್ರಮಾಣದಲ್ಲಿ ಹರಿದುಬರುತ್ತವೆ. ಅವುಗಳನ್ನು ಒಂದೇ ಗಣಕಯಂತ್ರದಲ್ಲಿ ಸಂಗ್ರಹಿಸಿ ಸಂಸ್ಕರಿಸುವುದು ದುಸ್ಸಾಧ್ಯ.

ಗುಚ್ಛದ ಸ್ವರೂಪ

ಅನೇಕ ಗಣಕಯಂತ್ರಗಳನ್ನು ಜಾಲದ ಮೂಲಕ ಜೋಡಿಸಿ ಅವೆಲ್ಲವೂ ಒಂದೇ ಯಂತ್ರದಂತೆ ಕಾರ್ಯ ನಿರ್ವಹಿಸುವಂತೆ ಮಾಡುವ ವ್ಯವಸ್ಥೆಗೆ ಕ್ಲಸ್ಟರ್ ಅಥವಾ ಗಣಕಗುಚ್ಛ ಎಂದು ಹೆಸರು. ಈ ಕಾರ್ಯಕ್ಕೆ ಬಳಸಲಾಗುವ ತಂತ್ರಾಂಶಗಳಲ್ಲಿ 2006ರಲ್ಲಿ ರೂಪುಗೊಂಡ ಹಡೂಪ್ ಪ್ರಸಿದ್ಧವಾದುದು. ಇದರ ರಚಕರಲ್ಲೊಬ್ಬರಾದ ಡಗ್ ಕಟಿಂಗ್ ಅವರು ತಮ್ಮ ಮಗನ ಆಟಿಕೆಯ ಆನೆಯ ಹೆಸರನ್ನೇ ಇದಕ್ಕೆ ಇಟ್ಟರು. ಹಡೂಪ್ ದೊಡ್ಡ ಕಡತವನ್ನು ಸಾಮಾನ್ಯವಾಗಿ 128 ಮೆಗಾಬೈಟ್ ಗಾತ್ರದ ಖಂಡಗಳಾಗಿ ವಿಭಜಿಸಿ, ಪ್ರತಿಯೊಂದು ಖಂಡದ ಮೂರು ಪ್ರತಿಗಳನ್ನು ಬೇರೆ ಬೇರೆ ಯಂತ್ರಗಳಲ್ಲಿ ಇರಿಸುತ್ತದೆ. ಹೀಗಾಗಿ 1 ಗಿಗಾಬೈಟ್ ಕಡತವು 8 ಖಂಡಗಳಾಗಿ, 24 ಪ್ರತಿಗಳಾಗಿ ಹರಡಿರುತ್ತದೆ. ಒಂದು ಯಂತ್ರ ಕೆಟ್ಟರೂ ಮಾಹಿತಿ ನಷ್ಟವಾಗುವುದಿಲ್ಲ.

ಖಂಡದ ಗಾತ್ರವೆಷ್ಟು, ಪ್ರತಿಗಳೆಷ್ಟು, ಯಾವ ಸೇವೆಗೆ ಎಷ್ಟು ಸ್ಮೃತಿ, ಯಾವ ಯಂತ್ರದ ವಿಳಾಸವೇನು ಎಂಬ ನಿರ್ದೇಶನಗಳ ಸಮೂಹವೇ ಸಂರಚನೆ. ಇಂತಹ ನೂರಾರು ನಿರ್ದೇಶನಗಳು ಸಾಧಾರಣ ಪಠ್ಯ ಕಡತಗಳಲ್ಲಿ ಬರೆಯಲ್ಪಟ್ಟಿರುತ್ತವೆ. ಯಂತ್ರಗಳು ಸುಸ್ಥಿತಿಯಲ್ಲಿದ್ದರೂ ಸಂರಚನೆ ತಪ್ಪಿದರೆ ಸೇವೆಯು ಸ್ಥಗಿತಗೊಳ್ಳಬಹುದು.

ಅಲ್ಪ ದೋಷ, ಮಹಾ ಪರಿಣಾಮ

2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಭದ್ರತಾ ತಂತ್ರಾಂಶಕ್ಕೆ ರವಾನೆಯಾದ ದೋಷಯುಕ್ತ ಸಂರಚನಾ ಕಡತವೊಂದರಿಂದ ಪ್ರಪಂಚದಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಗಣಕಯಂತ್ರಗಳು ಸ್ಥಗಿತಗೊಂಡವು. ಭಾರತದ ವಿಮಾನ ನಿಲ್ದಾಣಗಳಲ್ಲಿ ಕೆಲವು ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸ್‌ಗಳನ್ನು ನೀಡಬೇಕಾಯಿತು.

ಎಲ್ಲ ದೋಷಗಳೂ ಹೀಗೆ ಕೂಡಲೇ ಗೋಚರಿಸುವುದಿಲ್ಲ. ಪ್ರತಿಗಳ ಸಂಖ್ಯೆಯನ್ನು ಯಾರೋ 3ರಿಂದ 1ಕ್ಕೆ ಇಳಿಸಿದರೆಂದು ಭಾವಿಸೋಣ. ಹಡೂಪ್‌ನಲ್ಲಿ ಈ ಬದಲಾವಣೆಯು ಮುಂದೆ ಬರೆಯಲಾಗುವ ಕಡತಗಳಿಗೆ ಮಾತ್ರ ಅನ್ವಯಿಸುತ್ತದೆ. ಹಳೆಯ ಕಡತಗಳು ಮೂರು ಪ್ರತಿಗಳಲ್ಲಿಯೇ ಉಳಿಯುತ್ತವೆ. ಆದ್ದರಿಂದ ತಪ್ಪು ಯಾರ ಗಮನಕ್ಕೂ ಬಾರದೆ ಇರಬಹುದು. ತಿಂಗಳುಗಳ ನಂತರ ಒಂದು ಡಿಸ್ಕ್ ಕೆಟ್ಟ ದಿನ, ಅದರಲ್ಲಿದ್ದ ಹೊಸ ಮಾಹಿತಿಯು ಮರಳಿ ದೊರೆಯದಂತೆ ನಷ್ಟವಾಗುತ್ತದೆ.

ಅತಿಯಾದ ಎಚ್ಚರಿಕೆಯೂ ಹಾನಿಕರ. ಪ್ರತಿಯೊಂದು ಯಂತ್ರವೂ 3 ಸೆಕೆಂಡುಗಳಿಗೊಮ್ಮೆ ತಾನು ಕಾರ್ಯನಿರತವಾಗಿರುವುದನ್ನು ಕೇಂದ್ರ ಯಂತ್ರಕ್ಕೆ ತಿಳಿಸುತ್ತದೆ. ಸುಮಾರು ಹತ್ತೂವರೆ ನಿಮಿಷಗಳವರೆಗೆ ಸುದ್ದಿ ಬಾರದಿದ್ದರೆ ಮಾತ್ರ ಅದು ಕೆಟ್ಟಿದೆ ಎಂದು ಪರಿಗಣಿಸಿ ಪ್ರತಿಗಳನ್ನು ಪುನಃ ಸೃಷ್ಟಿಸಲಾಗುತ್ತದೆ. ಈ ಅವಧಿಯನ್ನು ತೀರಾ ಕಡಿಮೆ ಮಾಡಿದರೆ, ಬಿರುಗಾಳಿಯ ದಿನ ಜಾಲದಲ್ಲಿ ಕ್ಷಣಕಾಲ ಅಡಚಣೆಯಾದರೂ ಸಾವಿರಾರು ಖಂಡಗಳ ಅನಗತ್ಯ ನಕಲು ಆರಂಭವಾಗಿ, ಸೇವೆ ಅತ್ಯವಶ್ಯವಾದ ಹೊತ್ತಿನಲ್ಲಿಯೇ ಜಾಲವು ದಟ್ಟಣೆಗೊಳ್ಳುತ್ತದೆ.

ಎರಡು ನಗರಗಳು, ಎರಡು ಗುಚ್ಛಗಳು

ಸುಮಾರು 350 ಕಿಲೋಮೀಟರ್ ಅಂತರದ ಈ ಎರಡು ನಗರಗಳಲ್ಲಿ ಒಂದೊಂದು ಗುಚ್ಛವಿದೆಯೆಂದು ಊಹಿಸಿಕೊಂಡರೆ ವಿಷಯವು ಇನ್ನಷ್ಟು ಸ್ಪಷ್ಟವಾಗುತ್ತದೆ. ಒಂದು ನಗರವು ವಿಪತ್ತಿಗೆ ಸಿಲುಕಿದಾಗ ಇನ್ನೊಂದು ನಗರದ ಗುಚ್ಛವು ಸೇವೆಯನ್ನು ಮುಂದುವರಿಸಬೇಕು. ಆದರೆ ವಿಶಾಖಪಟ್ಟಣದ ಸಂರಚನೆಯನ್ನು ವಿಜಯವಾಡದಲ್ಲಿ ಯಥಾವತ್ತಾಗಿ ನಕಲು ಮಾಡುವುದು ಸರಿಯಲ್ಲ. ಹಾಗೆ ಮಾಡಿದರೆ ವಿಜಯವಾಡದ ಸೇವೆಗಳು ವಿಶಾಖಪಟ್ಟಣದ ಯಂತ್ರಗಳ ವಿಳಾಸಗಳನ್ನೇ ಅರಸುತ್ತವೆ. ಆ ನಗರದ ಸಂಪರ್ಕ ಕಡಿದೊಡನೆ ಇವೂ ನಿಲ್ಲುತ್ತವೆ. ಆದಕಾರಣ ಪ್ರತಿಗಳ ಸಂಖ್ಯೆ, ಭದ್ರತಾ ನಿಯಮ ಮೊದಲಾದ ಸಮಾನ ಅಂಶಗಳನ್ನು ಒಂದೆಡೆಯೂ, ವಿಳಾಸ, ಸ್ಮೃತಿಯ ಪ್ರಮಾಣ ಮೊದಲಾದ ಸ್ಥಳೀಯ ಅಂಶಗಳನ್ನು ಪ್ರತ್ಯೇಕವಾಗಿಯೂ ಇಡುವುದು ಅಗತ್ಯ.

ಒಂದೇ ಗುಚ್ಛದೊಳಗೂ ಈ ವಿವೇಚನೆ ಬೇಕು. 64 ಗಿಗಾಬೈಟ್ ಸ್ಮೃತಿಯ ಹಳೆಯ ಯಂತ್ರಗಳಿಗೆ 128 ಗಿಗಾಬೈಟ್‌ನ ಹೊಸ ಯಂತ್ರಗಳ ನಿರ್ದೇಶನಗಳನ್ನು ನೀಡಿದರೆ ಅವು ಭಾರ ತಾಳಲಾರವು. ಅಂತೆಯೇ ಯಾವ ಯಂತ್ರವು ಯಾವ ಚೌಕಟ್ಟಿನಲ್ಲಿದೆ ಎಂಬುದನ್ನು ತಿಳಿಸದಿದ್ದರೆ, ಹಡೂಪ್ ಎಲ್ಲವೂ ಒಂದೇ ಚೌಕಟ್ಟಿನಲ್ಲಿವೆಯೆಂದು ಭಾವಿಸುತ್ತದೆ. ಆಗ ಮೂರು ಪ್ರತಿಗಳೂ ಒಂದೇ ವಿದ್ಯುತ್ ಮಾರ್ಗವನ್ನು ಅವಲಂಬಿಸುವ ಸಂಭವವಿದೆ.

ಪಾಲಿಸಬೇಕಾದ ಕ್ರಮಗಳು

1. ಸಂರಚನೆಯ ಅಧಿಕೃತ ಪ್ರತಿಯನ್ನು ಒಂದೇ ಸ್ಥಳದಲ್ಲಿಟ್ಟು ಅಲ್ಲಿಂದಲೇ ಎಲ್ಲ ಯಂತ್ರಗಳಿಗೆ ತಲುಪಿಸಬೇಕು. ಅಂಬಾರಿಯಂತಹ ನಿರ್ವಹಣಾ ತಂತ್ರಾಂಶಗಳು ಇದಕ್ಕೆ ನೆರವಾಗುತ್ತವೆ.

2. ಪ್ರತಿಯೊಂದು ಬದಲಾವಣೆಯನ್ನೂ ಯಾರು, ಎಂದು, ಏಕೆ ಮಾಡಿದರೆಂಬುದನ್ನು ದಾಖಲಿಸಿ, ಹಿಂದಿನ ಆವೃತ್ತಿಗೆ ಮರಳುವ ಅವಕಾಶವನ್ನು ಉಳಿಸಿಕೊಳ್ಳಬೇಕು.

3. ಹೊಸ ನಿರ್ದೇಶನವನ್ನು ಮೊದಲು ಪ್ರಾಯೋಗಿಕ ಯಂತ್ರಗಳಲ್ಲಿ ಪರೀಕ್ಷಿಸಬೇಕು. ಅನಂತರ ಯಂತ್ರಗಳನ್ನು ಒಂದೊಂದಾಗಿ ಪುನರಾರಂಭಿಸಬೇಕು.

4. ಗುಪ್ತಪದಗಳನ್ನು ಸಾಮಾನ್ಯ ಸಂರಚನಾ ಕಡತಗಳಲ್ಲಿ ಬರೆದಿಡಬಾರದು.

5. ಸಂರಚನೆಯ ಒಂದು ಪ್ರತಿಯನ್ನು ಇನ್ನೊಂದು ನಗರದಲ್ಲಿ ಕಾಪಾಡಬೇಕು. ಮಾಹಿತಿ ಉಳಿದರೂ ಸಂರಚನೆ ಕಳೆದುಹೋದರೆ ಸೇವೆಯ ಪುನಃಸ್ಥಾಪನೆಗೆ ವಿಳಂಬವಾಗುತ್ತದೆ.

ಚಂಡಮಾರುತದ ಮುನ್ನೆಚ್ಚರಿಕೆಗಾಗಿ ಕಾಯುವ ಮೀನುಗಾರನಿಗೂ, ಪ್ರವಾಹದ ಸೂಚನೆಯನ್ನು ನಿರೀಕ್ಷಿಸುವ ನದೀತೀರದ ನಿವಾಸಿಗೂ ಈ ಗಣಕಗುಚ್ಛಗಳು ಕಣ್ಣಿಗೆ ಕಾಣುವುದಿಲ್ಲ. ಆದರೆ ಸೂಚನೆಯು ಸಕಾಲದಲ್ಲಿ ಅವರನ್ನು ತಲುಪುವಲ್ಲಿ ಇಂತಹ ವ್ಯವಸ್ಥೆಗಳ ಸುಸ್ಥಿತಿಯೂ ಮುಖ್ಯವಾದುದು. ಆ ಸುಸ್ಥಿತಿಯು ಯಂತ್ರಗಳ ಬೆಲೆಯಿಂದಷ್ಟೇ ಅಲ್ಲ, ಅವುಗಳನ್ನು ನಡೆಸುವ ನಿರ್ದೇಶನಗಳ ಶಿಸ್ತಿನಿಂದ ಸಾಧ್ಯವಾಗುತ್ತದೆ.