ಮಂಜೇಶ್ವರದ ರೈಲು ನಿಲ್ದಾಣ: ಚರಿತ್ರೆ ಮತ್ತು ಸೇವೆ

ಗಡಿನಾಡಿನ ಊರಿನ ಚರಿತ್ರೆಯನ್ನು ಬರೆಯುವವರು ದೇವಾಲಯ, ಶಾಲೆಗಳೊಡನೆ ರೈಲು ನಿಲ್ದಾಣವನ್ನೂ ಗಣನೆಗೆ ತೆಗೆದುಕೊಳ್ಳಬೇಕೆಂದು ನನ್ನ ಅಭಿಪ್ರಾಯ. ಮಂಜೇಶ್ವರವೇ ಇದಕ್ಕೆ ನಿದರ್ಶನ.

ಶೊರನೂರಿನಿಂದ ಕರಾವಳಿಯಗುಂಟ ಉತ್ತರಾಭಿಮುಖವಾಗಿ ಬಂದ ಹಳಿಯು 1907ರಲ್ಲಿ ಮಂಗಳೂರನ್ನು ಮುಟ್ಟಿತು. ಅಂದು ಮಂಜೇಶ್ವರ, ಮಂಗಳೂರುಗಳೆರಡೂ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ರಂದು ಮಂಗಳೂರು ಮೈಸೂರು ರಾಜ್ಯಕ್ಕೂ ನಮ್ಮ ಊರು ಕೇರಳಕ್ಕೂ ಸೇರಿದವು. ನಕ್ಷೆಯಲ್ಲಿ ಗೆರೆ ಬಿದ್ದರೂ ಹಳಿ ತುಂಡಾಗಲಿಲ್ಲ. ಗಡಿಯ ಎರಡೂ ಬದಿಯ ನಿಲ್ದಾಣಗಳು ದಶಕಗಳ ಕಾಲ ದಕ್ಷಿಣ ರೈಲ್ವೆಯ ಒಂದೇ ಪಾಲಕ್ಕಾಡು ವಿಭಾಗದಲ್ಲಿ ನಡೆದುಬಂದವು.

ವೇಗದ ಗಾಡಿಗಳು ಎಷ್ಟೇ ಬರಲಿ, ಸಣ್ಣ ನಿಲ್ದಾಣದ ಜೀವಾಳ ಪ್ಯಾಸೆಂಜರ್ ಗಾಡಿಯೇ. ಕಾಲೇಜಿಗೆ ಹೊರಟ ವಿದ್ಯಾರ್ಥಿ, ಆಸ್ಪತ್ರೆಗೆ ಹೊರಟ ರೋಗಿ, ದಿನಗೂಲಿಯ ಕೆಲಸಗಾರ ಎಲ್ಲರಿಗೂ ಅದೇ ಆಸರೆ. ನನ್ನ ಶಿಷ್ಯರಲ್ಲಿ ಹಲವರು ಸೀಸನ್ ಟಿಕೆಟಿನ ಬಲದಿಂದಲೇ ಮಂಗಳೂರಿನಲ್ಲಿ ಪದವೀಧರರಾದರು. ಇಲ್ಲಿ ಕನ್ನಡದಲ್ಲಿ ಕಲಿತವರಿಗೆ ಮುಂದಿನ ಕನ್ನಡ ವ್ಯಾಸಂಗದ ದಾರಿಯನ್ನು ತೆರೆದಿಟ್ಟದ್ದು ಈ ಗಾಡಿ.

2020ರ ಮಾರ್ಚ್ ತಿಂಗಳಲ್ಲಿ ಕೊರೋನಾದ ನಿಮಿತ್ತ ರೈಲುಗಳು ನಿಂತವು. ತಲಪಾಡಿಯಲ್ಲಿ ರಸ್ತೆಯೂ ಮುಚ್ಚಿತು. ಮಂಗಳೂರಿನ ಚಿಕಿತ್ಸೆಯನ್ನೇ ನಂಬಿದ್ದ ರೋಗಿಗಳು ಪಟ್ಟ ಪಾಡು ಹೇಳತೀರದು. ಅರವತ್ತನಾಲ್ಕು ವರ್ಷಗಳ ಹಿಂದಿನ ಗೆರೆಯ ನಿಜವಾದ ದಪ್ಪ ನನಗೆ ಅರಿವಾದದ್ದು ಆಗಲೇ.

ಪಾಲಕರು ತಿಳಿಯಬೇಕಾದ ಮಾತೊಂದಿದೆ. ಶಾಲೆಯ ಪ್ರಮಾಣಪತ್ರವಿದ್ದರೆ ಹುಡುಗಿಯರಿಗೆ ಪದವಿಯವರೆಗೆ, ಹುಡುಗರಿಗೆ ಹನ್ನೆರಡನೆಯ ತರಗತಿಯವರೆಗೆ, ಮನೆಗೂ ವಿದ್ಯಾಸಂಸ್ಥೆಗೂ ನಡುವೆ ಎರಡನೆಯ ದರ್ಜೆಯ ಮಾಸಿಕ ಸೀಸನ್ ಟಿಕೆಟು ಉಚಿತ. ಬಡತನದ ಕಾರಣದಿಂದ ಯಾವ ಮಗುವಿನ ಓದೂ ಗಡಿಯಲ್ಲಿ ನಿಲ್ಲದಿರಲಿ.