ಹತ್ತು ಮೀಟರ್ ಮೇಲೇರಿದ ಜರಡಿ

ಚಿಕ್ಕಬಳ್ಳಾಪುರದ ಕಡೆಯ ಒಂದು ಜಲ್ಲಿ ಕ್ರಷರ್‌ಗೆ ಕಂಪನ ಅಳೆಯಲು ಹೋಗಿದ್ದೆ. ಜಲ್ಲಿ ಸೋಸುವ ಜರಡಿಯ ಶಾಫ್ಟ್ ನಿಮಿಷಕ್ಕೆ 900 ಸುತ್ತು; ಅಂದರೆ ಜರಡಿ ಸೆಕೆಂಡಿಗೆ 15 ಸಲ ಕುಣಿಯುತ್ತದೆ. ಮೇಲೆ ಕೆಳಗೆ ಎಷ್ಟು ಮಿಲಿಮೀಟರ್ ಓಡಾಡುತ್ತದೆ ಎಂಬುದು ಬೇಕಿತ್ತು. ಜರಡಿಯ ಪಕ್ಕದ ತಗಡಿಗೆ ವೇಗೋತ್ಕರ್ಷ ಅಳೆಯುವ ಸೆನ್ಸರ್ ಬಿಗಿದು, 20 ಸೆಕೆಂಡಿನ ದಾಖಲೆ ತೆಗೆದು, ಎರಡು ಸಲ ಅನುಕಲನ ಮಾಡಿದೆ. ಜರಡಿ ಹತ್ತು ಮೀಟರ್ ಮೇಲೆ ಹೋಗಿದೆ ಎಂದಿತು ಲ್ಯಾಪ್‌ಟಾಪ್.

ಅಲ್ಲಿನ ಹಿರಿಯ ಫಿಟ್ಟರ್ ಏನೂ ಹೇಳದೆ ತಗಡಿಗೆ ಬಿಳಿ ರಟ್ಟಿನ ತುಂಡು ಅಂಟಿಸಿದರು. ಕೈಯನ್ನು ಕಂಬಕ್ಕೆ ಆನಿಸಿ, ಪೆನ್ಸಿಲ್ ಮೊನೆಯನ್ನು ಒಂದು ಕ್ಷಣ ತಾಗಿಸಿ ತೆಗೆದರು. ರಟ್ಟಿನ ಮೇಲೆ ಮೊಟ್ಟೆಯಾಕಾರದ ಪುಟ್ಟ ಗೆರೆ. ಸ್ಕೇಲ್ ಇಟ್ಟರೆ ಎತ್ತರ 9 ಮಿ.ಮೀ.

ಗುರುತ್ವವನ್ನು ಕಳೆದ ಮೇಲೂ ಸೆನ್ಸರ್‌ನ ಸೊನ್ನೆಯಲ್ಲಿ 0.05 ಮೀ/ಸೆ² ಉಳಿದುಕೊಂಡಿತ್ತು. ಜರಡಿಯ ವೇಗೋತ್ಕರ್ಷ 40ರವರೆಗೆ ಏರುತ್ತಿದ್ದುದರಿಂದ ಗ್ರಾಫಿನಲ್ಲಿ ಅದು ಕಣ್ಣಿಗೇ ಬಿದ್ದಿರಲಿಲ್ಲ. ಮೊದಲ ಅನುಕಲನದಲ್ಲಿ ಅದು ಏರುತ್ತಲೇ ಹೋಗುವ ವೇಗವಾಯಿತು, ಎರಡನೆಯದರಲ್ಲಿ ಕಾಲದ ವರ್ಗದಷ್ಟು ಬೆಳೆಯುವ ದೂರ. 0.05ರ ಅರ್ಧವನ್ನು 20ರ ವರ್ಗದಿಂದ ಗುಣಿಸಿ ನೋಡಿ: ಹತ್ತು ಮೀಟರ್.

ಒಂದೇ ಆವೃತ್ತಿಯ ಕಂಪನಕ್ಕೆ ಅನುಕಲನವೇ ಬೇಡ; ವೇಗೋತ್ಕರ್ಷವನ್ನು 2π×ಆವೃತ್ತಿಯ ವರ್ಗದಿಂದ ಭಾಗಿಸಿದರೆ ಸಾಕು. 2π×15ರ ವರ್ಗ ಸುಮಾರು 8,880. ನಲವತ್ತನ್ನು ಅದರಿಂದ ಭಾಗಿಸಿದರೆ ಒಂದು ಬದಿಗೆ 4.5 ಮಿ.ಮೀ., ಎರಡೂ ಸೇರಿ 9. ಪೆನ್ಸಿಲ್ ಬರೆದದ್ದೂ ಅಷ್ಟೇ. ಆ ಹೊತ್ತಿನ ಸಂತೋಷ ಇನ್ನೂ ನೆನಪಿದೆ.

ಬಳಿಕ 5 ಹರ್ಟ್ಸ್‌ಗಿಂತ ಕೆಳಗಿನದನ್ನೆಲ್ಲ ಸೋಸಿ ತೆಗೆಯುವ ಫಿಲ್ಟರ್ ಹಾಕಿ ಅನುಕಲನ ಮಾಡಿದೆ. ಗೆರೆ ಎಲ್ಲೂ ಜಾರಲಿಲ್ಲ. ಯಂತ್ರ ನಿಲ್ಲುವಾಗಲೂ ಕಂಪನ ಮೆಲ್ಲಗೆ ಅಡಗಿದಂತೆ ಕಂಡಿತು.

"ಬಂದ್ ಮಾಡುವಾಗ ಇಲ್ಲಿ ನಿಂತು ನೋಡಿ ಸಾರ್, ಚ್ಯೂಟ್‌ಗೆ ಬಡಿಯೋದೇ ಆಗ" ಎಂದರು ಫಿಟ್ಟರ್.

ನಿಂತು ನೋಡಿದೆ. ವೇಗ ಇಳಿಯುತ್ತಾ ಸ್ಪ್ರಿಂಗ್‌ಗಳ ಸಹಜ ಆವೃತ್ತಿ ದಾಟುವಾಗ, ಸುಮಾರು 3 ಹರ್ಟ್ಸ್‌ನಲ್ಲಿ, ಇಡೀ ಜರಡಿ ತೂಗಾಡಿ, ಜಲ್ಲಿ ಜಾರಿ ಬೀಳುವ ಚ್ಯೂಟ್‌ಗೆ ಢಣ್ಣನೆ ಬಡಿಯಿತು. ನನ್ನ ಫಿಲ್ಟರ್ ಅದನ್ನೇ ಒರೆಸಿಹಾಕಿತ್ತು. ಆಗ ವೇಗೋತ್ಕರ್ಷ ಬರೀ 7 ಮೀ/ಸೆ². ನಲವತ್ತರ ಪಕ್ಕದಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಸಂಖ್ಯೆ. ಆದರೆ 3 ಹರ್ಟ್ಸ್‌ನಲ್ಲಿ ಭಾಗಿಸಬೇಕಾದದ್ದು 355ರಿಂದ. ಒಂದು ಬದಿಗೇ 20 ಮಿ.ಮೀ. ಬರುತ್ತದೆ.

ಫಿಲ್ಟರನ್ನು 1 ಹರ್ಟ್ಸ್‌ಗೆ ಇಳಿಸಿ, ನಿಲ್ಲಿಸುವ ಹೊತ್ತಿನ ದಾಖಲೆಯನ್ನು ಬೇರೆಯಾಗಿ ತೆಗೆದೆ. ಜಲ್ಲಿಯ ಭಾರಕ್ಕೆ ಸ್ಪ್ರಿಂಗ್ ಎಷ್ಟು ಕುಗ್ಗಿ ನಿಂತಿದೆ ಎಂಬುದನ್ನು ಮಾತ್ರ ಈ ದಾರಿಯಲ್ಲಿ ಪಡೆಯಲಾಗದು. ಅದಕ್ಕೆ ಸ್ಕೇಲೇ ಬೇಕು. ಬಗ್ಗಿ ಅಳೆದೆವು. ಜರಡಿಗೂ ಚ್ಯೂಟ್‌ಗೂ ನಡುವೆ ಉಳಿದಿದ್ದ ಸಂದು 15 ಮಿ.ಮೀ.