ಹೇಳಿ ಹೊಡೆ, ಪುಟ್ಟಾ

ಬೆಂಗಳೂರು

ಚಿರಂಜೀವಿ ಪುಟ್ಟನಿಗೆ,

ಉಲ್ಹಾಸನಗರದ ಪೂಲ್ ಪಾರ್ಲರಿನಲ್ಲಿ ನಿನಗೂ ನಿನ್ನ ಸಿಂಧಿ ಗೆಳೆಯನಿಗೂ ಮಾತಿಗೆ ಮಾತು ಬೆಳೆದು, ಈಗ ಮಾತೇ ನಿಂತಿದೆಯಂತೆ. ನಿನ್ನ ಅಮ್ಮ ಫೋನಿನಲ್ಲಿ ಹೇಳಿ ನೊಂದುಕೊಂಡಳು. ನೀನೂ ಉದ್ದಕ್ಕೆ ಬರೆದು, ನ್ಯಾಯ ನೀವೇ ಹೇಳಿ ಮಾವ ಎಂದು ಕೇಳಿದ್ದೀಯ. ಕ್ಲಬ್ಬಿನಲ್ಲಿ ಮಾರ್ಕರ್ ಆಗಿ ಟೇಬಲ್ ಬ್ರಷ್ ಮಾಡುತ್ತ, ಸ್ಕೋರು ಹಾಕುತ್ತ, ಇಂಥದೇ ನ್ಯಾಯ ಹೇಳುತ್ತ ತಲೆ ನರೆತವನು ನಾನು. ನಿನಗೆ ಹೇಳದೆ ಇರುತ್ತೇನೆಯೇ? ಆದರೆ ನೀನು ನನ್ನ ಅಳಿಯ ಎಂದು ತೀರ್ಪು ನಿನ್ನ ಕಡೆಗೆ ವಾಲುವುದಿಲ್ಲ.

ಮೊದಲ ತಕರಾರು ಎಂಟರ ಕಪ್ಪು ಚೆಂಡಿನದು. ನಿನ್ನ ಚೆಂಡುಗಳೆಲ್ಲ ಮುಗಿದಿದ್ದವು. ಬಲಮೂಲೆಯ ಪಾಕೆಟ್ ತೋರಿಸಿ ಎಂಟನ್ನು ಹೊಡೆದೆ. ಅದು ಪಾಕೆಟ್ಟಿನ ಬಾಯಲ್ಲಿ ಆ ಅಂಚಿಗೂ ಈ ಅಂಚಿಗೂ ಬಡಿದು ಹೊರಗೆ ಬಂತು, ಉದ್ದನೆಯ ಕುಶನ್ನಿಗೆ ಅಂಟಿಕೊಂಡೇ ಉರುಳಿ ನಡುವಿನ ಪಾಕೆಟ್ಟಿಗೆ ಬಿತ್ತು. ಬಿದ್ದಿತಲ್ಲ, ನಾನು ಗೆದ್ದೆ ಎನ್ನುತ್ತೀಯ. ಇಲ್ಲ ಮಗೂ, ನೀನು ಸೋತೆ. ವಿಶ್ವ ಪೂಲ್ ಸಂಸ್ಥೆಯ ಎಂಟು ಚೆಂಡಿನ ಆಟದಲ್ಲಿ ಕಪ್ಪು ಚೆಂಡು ನೀನು ಹೇಳದ ಪಾಕೆಟ್ಟಿಗೆ ಬಿದ್ದರೆ ಸರದಿ ಹೋಗುವುದಷ್ಟೇ ಅಲ್ಲ, ಆಟವೇ ಹೋಗುತ್ತದೆ. ಬೇರೆ ಚೆಂಡಾಗಿದ್ದರೆ ಇಷ್ಟು ಕಠಿಣವಿಲ್ಲ. ಹೇಳದ ಪಾಕೆಟ್ಟಿಗೆ ಬಿದ್ದ ಚೆಂಡು ಅಲ್ಲೇ ಉಳಿಯುತ್ತದೆ, ಸರದಿ ಮಾತ್ರ ಎದುರಾಳಿಗೆ ಹೋಗುತ್ತದೆ.

ಎರಡನೆಯ ತಕರಾರಿನಲ್ಲೂ ತಪ್ಪು ನಿನ್ನದೇ. ಅವನು ಒಂಬತ್ತನ್ನು ಎಡಮೂಲೆಗೆ ಎಂದು ಹೇಳಿದ. ಒಂಬತ್ತು ಹೋಗುವಾಗ ನಿನ್ನ ನಾಲ್ಕನ್ನು ಸವರಿಕೊಂಡು ಹೋಗಿ ಅದೇ ಎಡಮೂಲೆಗೆ ಬಿತ್ತು. ‘ನನ್ನ ಚೆಂಡಿಗೆ ತಾಗಿಸುತ್ತೇನೆ ಅಂತ ಹೇಳಲಿಲ್ಲವಲ್ಲ’ ಎಂದು ನೀನು ಹಟ ಹಿಡಿದೆ. ಹೇಳಬೇಕಾಗಿಲ್ಲ. ನಿಯಮ ಕೇಳುವುದು ಎರಡೇ ಸಂಗತಿ: ಯಾವ ಚೆಂಡು, ಯಾವ ಪಾಕೆಟ್. ದಾರಿಯಲ್ಲಿ ಅದು ಎಷ್ಟು ಕುಶನ್ ಮುಟ್ಟಿತು, ಯಾವ ಚೆಂಡನ್ನು ಸವರಿತು, ಜೊತೆಗೆ ಇನ್ನೊಂದು ಚೆಂಡು ಬಿತ್ತೇ ಎಂಬುದು ಲೆಕ್ಕಕ್ಕಿಲ್ಲ. ಕುಶನ್, ಚೆಂಡಿಗೆ ಚೆಂಡು ಸವರುವ ಕಿಸ್ ಎಲ್ಲವನ್ನೂ ಒಪ್ಪಿಸಬೇಕೆನ್ನುವುದು ಪಾರ್ಲರುಗಳಲ್ಲಿ ಬಾಯಿಂದ ಬಾಯಿಗೆ ಬಂದ ರೂಢಿ. ಹಾಗೆ ಆಡುವವರಿದ್ದಾರೆ. ಆದರೆ ಅದನ್ನು ಆಟಕ್ಕೆ ಮುಂಚೆ ಇಬ್ಬರೂ ಒಪ್ಪಿರಬೇಕು. ಚೆಂಡು ಬಿದ್ದ ಮೇಲೆ ಹೊಸ ಶರತ್ತು ಹಾಕುವುದು ಸಲ್ಲದು.

ನಿನ್ನ ಅಪ್ಪನ ಹೋಟೆಲಿನಲ್ಲಿ ನೋಡಿದ್ದೀಯಲ್ಲ, ಗಿರಾಕಿ ಮೊದಲು ಹೇಳುತ್ತಾನೆ, ಮಾಣಿ ಅದನ್ನು ಒಳಗೆ ಕೂಗುತ್ತಾನೆ, ಆಮೇಲೆ ತಟ್ಟೆ ಬರುತ್ತದೆ. ಎದುರಿಗೆ ಬಂದದ್ದನ್ನು ನೋಡಿ ನಾನು ಹೇಳಿದ್ದು ಇದೇ ಎಂದರೆ ಅದು ಆರ್ಡರ್ ಆಗುತ್ತದೆಯೇ? ಶಾಟ್ ಹೇಳುವುದೂ ಅಷ್ಟೇ. ಕ್ಯೂ ಮುಂದಕ್ಕೆ ಹೋಗುವ ಮೊದಲು ಮಾತು ಹೊರಗೆ ಬಂದಿರಬೇಕು. ಬಾಯಲ್ಲಿ ಹೇಳಿದರೂ ಸರಿ, ಕ್ಯೂ ತುದಿಯಿಂದ ಪಾಕೆಟ್ ತೋರಿಸಿದರೂ ಸರಿ, ಎದುರಾಳಿಗೆ ತಿಳಿಯಬೇಕು. ನೇರವಾದ, ಎಲ್ಲರಿಗೂ ಕಾಣುವ ಶಾಟ್ ಆದರೆ ಹೇಳದಿದ್ದರೂ ನಡೆಯುತ್ತದೆ. ಕುಶನ್ನಿಗೆ ಬಡಿಸಿ ತರುವ ಬ್ಯಾಂಕ್ ಶಾಟ್, ಒಂದು ಚೆಂಡಿನಿಂದ ಇನ್ನೊಂದನ್ನು ತಳ್ಳುವ ಕಾಂಬಿನೇಷನ್ ಇದ್ದಾಗ ಮಾತ್ರ ಹೇಳಿಯೇ ಹೊಡೆ. ಎದುರಾಳಿಯ ಮನಸ್ಸಿನಲ್ಲಿ ಏನಿದೆ ಎಂದು ಗೊತ್ತಾಗದಿದ್ದರೆ ಹೊಡೆಯುವ ಮುನ್ನ ಕೇಳುವ ಹಕ್ಕು ನಿನಗಿದೆ. ಕೇಳದೆ ಸುಮ್ಮನಿದ್ದು ಆಮೇಲೆ ಕೂಗಾಡಬೇಡ.

ಬ್ರೇಕ್ ಹೊಡೆತಕ್ಕೆ ಹೇಳುವ ಗೊಡವೆ ಇಲ್ಲ. ಬ್ರೇಕಿನಲ್ಲಿ ಬಿದ್ದ ಚೆಂಡಿನಿಂದ ತುಂಬು ಬಣ್ಣದ ಸಾಲಿಡ್ ಯಾರದು, ಪಟ್ಟೆಯ ಸ್ಟ್ರೈಪ್ ಯಾರದು ಎಂದು ತೀರ್ಮಾನವೂ ಆಗುವುದಿಲ್ಲ. ಆಮೇಲೆ ಹೇಳಿ ಹಾಕಿದ ಮೊದಲ ಚೆಂಡು ಅದನ್ನು ತೀರ್ಮಾನಿಸುತ್ತದೆ.

‘ಸೇಫ್ಟಿ’ಯ ಬಗ್ಗೆ ನೀನು ಕೇಳಿಲ್ಲ, ಆದರೂ ತಿಳಿದಿರಲಿ. ನಿನ್ನ ಚೆಂಡೊಂದು ಪಾಕೆಟ್ಟಿನ ಬಾಯಲ್ಲೇ ಕೂತಿದೆ, ಆದರೆ ಅದನ್ನು ಹಾಕಿದರೆ ಮುಂದೆ ಆಡಲು ಏನೂ ಇಲ್ಲ. ಆಗ ಸೇಫ್ಟಿ ಎಂದು ಹೇಳಿ ಅದನ್ನು ಹಾಕಬಹುದು. ಚೆಂಡು ಒಳಗೇ ಉಳಿಯುತ್ತದೆ, ಸರದಿ ಎದುರಾಳಿಗೆ ಹೋಗುತ್ತದೆ, ಬಿಳಿ ಚೆಂಡನ್ನು ಅವನಿಗೆ ಕಷ್ಟವಾಗುವ ಕಡೆ ಬಿಟ್ಟು ನೀನು ಕೂರುತ್ತೀಯ. ಹೇಳದೆ ಹಾಕಿದರೆ ಮುಂದಿನ ಹೊಡೆತವೂ ನಿನ್ನ ತಲೆಗೇ ಬರುತ್ತದೆ. ಒಂದು ಮಾತಿನಿಂದ ಆಟದ ದಿಕ್ಕೇ ಬದಲಾಗುವ ಈ ಜಾಗ ನನಗೆ ಬಹಳ ಇಷ್ಟ.

ಎಲ್ಲ ಆಟಕ್ಕೂ ಇದೇ ಕಟ್ಟಳೆಯಲ್ಲ. ಒಂಬತ್ತು ಚೆಂಡಿನ ಆಟದಲ್ಲಿ ಹೇಳಬೇಕಾಗಿಲ್ಲ. ಮೇಜಿನ ಮೇಲಿರುವ ಚಿಕ್ಕ ನಂಬರನ್ನು ಮೊದಲು ಮುಟ್ಟಿದರೆ ಸಾಕು, ಒಂಬತ್ತು ಎಲ್ಲಿ ಬಿದ್ದರೂ ಗೆಲುವು. ಹತ್ತು ಚೆಂಡಿನ ಆಟದಲ್ಲಿ ಹೇಳಲೇಬೇಕು. ಸ್ಟ್ರೈಟ್ ಪೂಲ್‌ನಲ್ಲೂ ಒಂದೊಂದು ಹೊಡೆತಕ್ಕೂ ಹೇಳಬೇಕು. ಆ ಆಟದಲ್ಲಿ ಅಮೆರಿಕದ ವಿಲ್ಲಿ ಮಾಸ್ಕೋನಿ 1954ರಲ್ಲಿ ಓಹಾಯೋದ ಸ್ಪ್ರಿಂಗ್‌ಫೀಲ್ಡಿನಲ್ಲಿ ಒಂದೇ ಸರದಿಯಲ್ಲಿ 526 ಚೆಂಡು ಹಾಕಿದರು. ಆ ದಾಖಲೆ ಮುರಿಯಲು 2019ರವರೆಗೆ ಕಾಯಬೇಕಾಯಿತು. ಸ್ನೂಕರಿನಲ್ಲಿ ಕೆಂಪು ಹಾಕಿದ ಮೇಲೆ ಯಾವ ಬಣ್ಣ ಎಂದು ಹೇಳಬೇಕು, ಪಾಕೆಟ್ ಹೇಳಬೇಕಾಗಿಲ್ಲ. ಅಲ್ಲಿ ಅದೃಷ್ಟದಿಂದ ಬೀಳುವ ಫ್ಲೂಕಿಗೂ ಅಂಕವಿದೆ, ಆದರೆ ಫ್ಲೂಕ್ ಆದಾಗ ಆಟಗಾರ ಕೈ ಎತ್ತಿ ಎದುರಾಳಿಯ ಕ್ಷಮೆ ಕೇಳುತ್ತಾನೆ. ನಿಯಮ ಕೇಳದಿದ್ದರೂ ಮರ್ಯಾದೆ ಕೇಳುತ್ತದೆ.

ನಿಮ್ಮ ಪಾರ್ಲರಿನಲ್ಲಿ ಸೋತವನೇ ಟೇಬಲ್ ದುಡ್ಡು ಕೊಡಬೇಕು, ಅದಕ್ಕೇ ಜಗಳ ಇಷ್ಟು ಬಿಸಿಯಾಯಿತು ಎಂದು ನನಗೆ ಗೊತ್ತು. ದುಡ್ಡಿನ ಮಾತು ಬಿಡು. ಹೇಳಿ ಹೊಡೆಯುವ ಆಟ ನಿನ್ನನ್ನು ಬೆಳೆಸುತ್ತದೆ, ಅದಕ್ಕಾಗಿ ಇಷ್ಟು ಬರೆಯುತ್ತಿದ್ದೇನೆ. ಜೋರಾಗಿ ಹೊಡೆದು ಎಲ್ಲಾದರೂ ಬೀಳಲಿ ಎನ್ನುವ ಹುಡುಗರನ್ನು ನಾನು ಕ್ಲಬ್ಬಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ಕೈ ಚೆನ್ನಾಗಿದ್ದರೂ ಅವರ ಆಟ ಒಂದು ಹಂತ ದಾಟಲಿಲ್ಲ. ಬಾಯಿಬಿಟ್ಟು ಹೇಳಬೇಕಾದವನು ಮೊದಲು ನೋಡಬೇಕು, ಯೋಚಿಸಬೇಕು, ತನ್ನ ಕೈಗೆ ಎಷ್ಟು ಸಾಧ್ಯ ಎಂದು ಅಳೆಯಬೇಕು. ತಪ್ಪಿದರೆ ತಪ್ಪಿದೆ ಎಂದು ಮೇಜಿನ ಸುತ್ತ ನಿಂತವರಿಗೆಲ್ಲ ಗೊತ್ತಾಗುತ್ತದೆ. ಹಾಗೆ ಗೊತ್ತಾಗುವುದು ಒಳ್ಳೆಯದು ಪುಟ್ಟಾ.

ನಿನ್ನ ಗೆಳೆಯನನ್ನು ಕಳೆದುಕೊಳ್ಳಬೇಡ. ದೇಶ ಇಬ್ಭಾಗವಾದಾಗ ಸಿಂಧ್ ಬಿಟ್ಟು ಬಂದವರು ಕಲ್ಯಾಣದ ಮಿಲಿಟರಿ ಕ್ಯಾಂಪಿನ ಬರಾಕುಗಳಲ್ಲಿ ಬದುಕು ಕಟ್ಟಿಕೊಂಡ ಜಾಗ ನಿಮ್ಮ ಊರು. 1949ರ ಆಗಸ್ಟ್ 8ರಂದು ರಾಜಾಜಿಯವರು ಅಡಿಗಲ್ಲು ಹಾಕಿದ ಮೇಲೆ ಅದು ಉಲ್ಹಾಸನಗರವಾಯಿತು. ಘಟ್ಟದ ಕೆಳಗಿನಿಂದ ಹೋದ ನಿನ್ನ ಅಪ್ಪನ ಹೋಟೆಲಿಗೆ ಮೊದಲ ಗಿರಾಕಿಗಳು ಆ ಮನೆಗಳವರೇ. ಪಂಕಜ್ ಅಡ್ವಾಣಿ ನಮ್ಮವರು ಎಂದು ನೀವಿಬ್ಬರೂ ವಾದ ಮಾಡುತ್ತೀರಂತೆ. ಇಬ್ಬರ ಮಾತೂ ನಿಜ. ಸಿಂಧಿ ಮನೆತನ, ಹುಟ್ಟಿದ್ದು ಪುಣೆ, ಆಟ ಕಲಿತದ್ದು ನಮ್ಮ ಬೆಂಗಳೂರಿನ ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯಲ್ಲಿ, ಅರವಿಂದ ಸವೂರರ ಕೈಕೆಳಗೆ. 2003ರಲ್ಲಿ ಚೀನಾದಲ್ಲಿ ಹವ್ಯಾಸಿಗಳ ವಿಶ್ವ ಸ್ನೂಕರ್ ಗೆದ್ದಾಗ ಅವರಿಗೆ ಹದಿನೆಂಟು ವರ್ಷ, ಹೆಚ್ಚುಕಡಿಮೆ ನಿನ್ನದೇ ವಯಸ್ಸು. ಅವರು ಆಡುವುದನ್ನು ನೋಡುವಾಗ ಚೆಂಡು ಬೀಳುವುದನ್ನಷ್ಟೇ ನೋಡಬೇಡ. ಕ್ಯೂ ಹಿಡಿದು ಬಗ್ಗುವ ಮುನ್ನ ಮೇಜನ್ನು ಹೇಗೆ ಓದುತ್ತಾರೆ ನೋಡು.

ಇನ್ನೊಂದು ಕೆಲಸ ಮಾಡು. 1875ರಲ್ಲಿ ಜಬಲ್‌ಪುರದಲ್ಲಿ ಹುಟ್ಟಿದ ಸ್ನೂಕರಿನ ನಿಯಮಗಳನ್ನು ಮುಂದೆ ಬರೆದು ಊಟಿ ಕ್ಲಬ್ಬಿನ ಬಿಲಿಯರ್ಡ್ಸ್ ಕೋಣೆಯಲ್ಲಿ ಹಾಕಿದ್ದರು. ನೀವೂ ಗೆಳೆಯರಿಬ್ಬರು ಕೂತು ಎಂಟು ಚೆಂಡಿನ ನಿಯಮಗಳನ್ನು ಹಿಂದಿಯಲ್ಲಿ ದಪ್ಪಕ್ಷರದಲ್ಲಿ ಬರೆಯಿರಿ. ಪಾರ್ಲರಿನ ಮಾಲೀಕರನ್ನು ಕೇಳಿ, ಟೇಬಲ್ಲಿನ ಪಕ್ಕದ ಗೋಡೆಗೆ ಅಂಟಿಸಿ.

ಇಂತಿ ನಿನ್ನ ಪ್ರೀತಿಯ ಮಾವ